ದೇವಿಯ ಉಡುಗೆ, ಮಗ್ಗದ ದನಿ: ಪ್ರಾಚೀನ ಗ್ರೀಸಿನ ಚಿತ್ರವಸ್ತ್ರಗಳಲ್ಲಿ ನೆಯ್ಗೆ, ಕಸೂತಿ ಮತ್ತು ವಾದ್ಯ

ಪ್ರಾಚೀನ ಅಥೆನ್ಸ್ ನಗರದ ಅಧಿದೇವತೆ ಅಥೀನಾ. ಆಕೆಯ ಹಬ್ಬವಾದ ಪನಥೀನಿಯ ನಮ್ಮ ಲೆಕ್ಕದ ಜುಲೈ-ಆಗಸ್ಟ್ ತಿಂಗಳುಗಳಿಗೆ ಹೊಂದುವ ಹೆಕಟೊಂಬಿಯನ್ ಮಾಸದಲ್ಲಿ ನಡೆಯುತ್ತಿತ್ತು. ನಾಲ್ಕು ವರ್ಷಗಳಿಗೊಮ್ಮೆ ಅದು ಮಹಾ ಪನಥೀನಿಯವಾಗಿ ವಿಸ್ತಾರ ಪಡೆಯುತ್ತಿತ್ತು. ಈ ಮಹೋತ್ಸವದ ಆರಂಭವನ್ನು ಪರಂಪರೆ ಕ್ರಿ.ಪೂ. 566ಕ್ಕೆ ನಿಗದಿಗೊಳಿಸುತ್ತದೆ. ಹಬ್ಬದ ಕೇಂದ್ರದಲ್ಲಿದ್ದುದು ಬಲಿಯಷ್ಟೇ ಅಲ್ಲ, ಒಂದು ಬಟ್ಟೆ ಕೂಡ. 'ಪೆಪ್ಲೋಸ್' ಎಂದು ಕರೆಯಲಾಗುತ್ತಿದ್ದ ಆ ಉಣ್ಣೆಯ ಉಡುಗೆಯನ್ನು ಮೆರವಣಿಗೆಯಲ್ಲಿ ಅಕ್ರೊಪೊಲಿಸ್ ಗುಡ್ಡಕ್ಕೆ ಒಯ್ದು, ಆಲಿವ್ ಮರದಲ್ಲಿ ಮಾಡಿದ ದೇವಿಯ ಪುರಾತನ ವಿಗ್ರಹಕ್ಕೆ ಅರ್ಪಿಸಲಾಗುತ್ತಿತ್ತು. ದೇವತೆಗಳಿಗೂ ದೈತ್ಯರಿಗೂ ನಡೆದ ಯುದ್ಧ, ಅದರಲ್ಲಿಯೂ ಅಥೀನಾ ಎಂಕೆಲಾಡಸನನ್ನು ಸದೆಬಡಿದ ಪ್ರಸಂಗ, ಕೇಸರಿ ಮೊದಲಾದ ಬಣ್ಣಗಳಲ್ಲಿ ಅದರ ಮೇಲೆ ಚಿತ್ರಿತವಾಗಿರುತ್ತಿತ್ತು. ಹಬ್ಬಕ್ಕೆ ಒಂಬತ್ತು ತಿಂಗಳು ಮುಂಚೆ, ಕಮ್ಮಾರರ ಹಬ್ಬವಾದ ಖಾಲ್ಕಿಯದ ದಿನ, ಅದಕ್ಕಾಗಿ ಮಗ್ಗ ಹೂಡುತ್ತಿದ್ದರು.

ಈ ಉಡುಗೆಯನ್ನು ಕುರಿತ ಆಧುನಿಕ ಬರಹಗಳಲ್ಲಿ ಬಹುಕಾಲ ಒಂದು ಮಾತು ಚರ್ಚೆಯಿಲ್ಲದೆ ಸಾಗಿ ಬಂದಿತು: ಪೆಪ್ಲೋಸ್ ಕಸೂತಿ ಹಾಕಿದ ಬಟ್ಟೆ ಎಂಬುದು. ಪ್ಲೇಟೊವಿನ 'ಯೂಥಿಫ್ರೊ' ಸಂವಾದದಲ್ಲಿ ಸಾಕ್ರಟೀಸನು ಈ ಬಟ್ಟೆಯ ಚಿತ್ರಗಳನ್ನು ಪ್ರಸ್ತಾಪಿಸುವ ಭಾಗವನ್ನು ಇಂಗ್ಲಿಷಿಗೆ ತಂದ ಬೆಂಜಮಿನ್ ಜೋವೆಟ್ ಕೂಡ ಕಸೂತಿಯ ಪದವನ್ನೇ ಬಳಸಿದನು. ಹೋಮರನ ಅನುವಾದಗಳಲ್ಲಿಯೂ ಹೆಲೆನ್, ಆಂಡ್ರೊಮಕೆ ಮೊದಲಾದವರು ಕಸೂತಿ ಹಾಕುವ ಮಹಿಳೆಯರಾಗಿಯೇ ಕಾಣಿಸಿಕೊಂಡರು. ಈ ಒಂದು ಪದ ಸರಿಯೇ ಎಂಬುದು ಪ್ರಸ್ತುತ ಲೇಖನದ ಮೊದಲ ಪ್ರಶ್ನೆ. ಇದು ಕೇವಲ ಪಾರಿಭಾಷಿಕ ವಿವಾದವಲ್ಲ. ಆ ಬಟ್ಟೆಯ ಚಿತ್ರ ಸೂಜಿಯಿಂದ ಮೂಡಿತೋ ಮಗ್ಗದಿಂದ ಮೂಡಿತೋ ಎಂಬುದರ ಮೇಲೆ, ದೇವಿಯ ವಸ್ತ್ರಕ್ಕೂ ಆಕೆಯ ಹಬ್ಬದಲ್ಲಿ ನುಡಿಯುತ್ತಿದ್ದ ವಾದ್ಯಗಳಿಗೂ ಇದ್ದ ಸಂಬಂಧ ನಮಗೆ ಕಾಣುವುದೋ ಇಲ್ಲವೋ ಎಂಬುದು ನಿಂತಿದೆ.

ಗ್ರೀಕ್ ಮೂಲಗಳಲ್ಲಿ ಬರುವ ಮುಖ್ಯ ಕ್ರಿಯಾಪದ 'ಪೊಯಿಕಿಲ್ಲೈನ್'. ಬಗೆಬಗೆಯ ಬಣ್ಣ ಅಥವಾ ವಿನ್ಯಾಸಗಳಿಂದ ಚಿತ್ರಗೊಳಿಸುವುದು ಎಂಬುದಷ್ಟೇ ಅದರ ಅರ್ಥ. ಯಾವ ಸಾಧನದಿಂದ ಎಂಬುದನ್ನು ಪದ ಹೇಳುವುದಿಲ್ಲ. ಮೈಕಿನೆಯ ಉತ್ಖನನಗಳಿಂದ ಪ್ರಸಿದ್ಧನಾದ ಪುರಾತತ್ತ್ವಜ್ಞ ಎ.ಜೆ.ಬಿ. ವೇಸ್ 1948ರಲ್ಲಿ 'ನೆಯ್ಗೆಯೋ ಕಸೂತಿಯೋ' ಎಂಬ ಅರ್ಥದ ಶೀರ್ಷಿಕೆಯುಳ್ಳ ಪುಟ್ಟ ಲೇಖನದಲ್ಲಿ, ಹೋಮರನ ಮತ್ತು ಅನಂತರದ ಉಲ್ಲೇಖಗಳನ್ನು ಮಗ್ಗದ ಮೇಲೆಯೇ ಚಿತ್ರ ಮೂಡಿಸುವ ನೆಯ್ಗೆಯೆಂದು ತಿಳಿಯಬೇಕು ಎಂದು ವಾದಿಸಿದನು. ವೇಸ್ ಗ್ರೀಕ್ ದ್ವೀಪಗಳ ಕಸೂತಿಯ ದೊಡ್ಡ ಸಂಗ್ರಾಹಕನೂ ಅದರ ಅಧ್ಯಯನಕಾರನೂ ಆಗಿದ್ದನೆಂಬುದನ್ನು ಇಲ್ಲಿ ನೆನೆಯಬೇಕು. ಸೂಜಿಯ ಕೆಲಸವನ್ನು ಬಲ್ಲವನೇ ಇದು ಸೂಜಿಯ ಕೆಲಸವಲ್ಲ ಎಂದಾಗ ಆ ಮಾತಿಗೆ ಹೆಚ್ಚಿನ ತೂಕವಿರುತ್ತದೆ. ಮುಂದೆ ಎಲಿಜಬೆತ್ ಬಾರ್ಬರ್ ಅವರು ಪ್ರಾಗೈತಿಹಾಸಿಕ ಜವಳಿಗಳ ವಿಸ್ತೃತ ಅಧ್ಯಯನದಲ್ಲಿಯೂ, ಪನಥೀನಿಯವನ್ನು ಕುರಿತ 1992ರ ಪ್ರದರ್ಶನ ಗ್ರಂಥದ ಲೇಖನದಲ್ಲಿಯೂ ಈ ನಿಲುವನ್ನು ಬಲಪಡಿಸಿದರು. ಕ್ಯೂಸಿಯಲ್ಲಿ ದೊರೆತ, ಕ್ರಿ.ಪೂ. ಸುಮಾರು 440ರ ಪಾನಪಾತ್ರೆಯೊಂದರ ಮೇಲೆ ಪೆನೆಲೊಪಿಯ ಮಗ್ಗದ ಚಿತ್ರವಿದೆ. ಅರ್ಧ ನೆಯ್ದ ಬಟ್ಟೆ ಇನ್ನೂ ಮಗ್ಗದ ಮೇಲಿರುವಾಗಲೇ ರೆಕ್ಕೆಯುಳ್ಳ ಆಕೃತಿಗಳ ಸಾಲು ಅದರಲ್ಲಿ ಮೂಡಿದೆ. ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯವನ್ನು ಚಿತ್ರಕಾರನೊಬ್ಬನಿಂದ ನಿರೀಕ್ಷಿಸಲಾಗದು.

ಗ್ರೀಕರಿಗೆ ಕಸೂತಿ ತಿಳಿದೇ ಇರಲಿಲ್ಲವೆಂದು ಇದರ ಅರ್ಥವಲ್ಲ. ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಸಂಗ್ರಹಾಲಯದಲ್ಲಿ ಅಟಿಕಾದ ಕೊರೊಪಿ ಎಂಬಲ್ಲಿ ಕಂಚಿನ ಪಾತ್ರೆಯೊಳಗೆ ದೊರೆತ, ಕ್ರಿ.ಪೂ. ಐದನೆಯ ಶತಮಾನದ ಕೊನೆಯ ಭಾಗದ್ದೆಂದು ತಿಳಿಯಲಾದ ಲಿನನ್ ಬಟ್ಟೆಯ ತುಣುಕುಗಳಿವೆ. ಅವುಗಳಲ್ಲಿ ವಜ್ರಾಕೃತಿಯ ಚೌಕಗಳೊಳಗೆ ನಡೆಯುವ ಸಿಂಹಗಳ ವಿನ್ಯಾಸವಿದೆ. ಲೋಹದ ಎಳೆಗಳು ಬಹುಮಟ್ಟಿಗೆ ನಾಶವಾಗಿದ್ದು, ಸೂಜಿ ಹಾದುಹೋದ ರಂಧ್ರಗಳಿಂದ ಸಿಂಹಗಳನ್ನು ಗುರುತಿಸಬೇಕಾಗಿದೆ. ಇತ್ತ ಕಪ್ಪು ಸಮುದ್ರದ ಸಮೀಪದ 'ಏಳು ಸೋದರರ ದಿಬ್ಬ'ಗಳಲ್ಲೊಂದರಿಂದ ಬಂದು ಈಗ ಹರ್ಮಿಟೇಜ್ ಸಂಗ್ರಹಾಲಯದಲ್ಲಿರುವ ಉಣ್ಣೆಯ ಹೊದಿಕೆಯ ಮೇಲೆ ಅಥೀನಾ, ಯೋಕಾಸ್ತೆ ಮೊದಲಾದವರ ಆಕೃತಿಗಳು ಹೆಸರುಗಳ ಸಹಿತ ಇವೆ. ಆದರೆ ಅದು ಬಣ್ಣದಿಂದ ಬರೆದ ಬಟ್ಟೆ. ಉಳಿದು ಬಂದಿರುವ ಪುರಾವೆ ಇಷ್ಟು ವಿರಳ: ಕಸೂತಿಯಿದ್ದಲ್ಲಿ ದೇವಿಯಿಲ್ಲ, ದೇವಿಯಿದ್ದಲ್ಲಿ ಕಸೂತಿಯಿಲ್ಲ.

ನೆಯ್ಗೆಗೂ ಕಸೂತಿಗೂ ನಡುವಿನ ಗೆರೆ ಎಷ್ಟು ತೆಳುವೆಂಬುದು ಕನ್ನಡಿಗರಿಗೆ ಹೊಸ ವಿಷಯವಲ್ಲ. ಧಾರವಾಡ ಸೀಮೆಯ ಕಸೂತಿಯ ನಾಲ್ಕು ಹೊಲಿಗೆಗಳಾದ ಗವಂತಿ, ಮುರಗಿ, ನೇಗಿ, ಮೆಂತೆಗಳಲ್ಲಿ ನೇಗಿಯ ಹೆಸರೇ ನೆಯ್ಗೆಯನ್ನು ನೆನಪಿಸುತ್ತದೆ. ಬಟ್ಟೆಯ ಎಳೆಗಳನ್ನು ಎಣಿಸಿ ಸೂಜಿಯನ್ನು ಮೇಲೆ ಕೆಳಗೆ ಹಾಯಿಸುವ ಆ ಹೊಲಿಗೆ ನೋಡುವವರಿಗೆ ಮಗ್ಗದಲ್ಲಿಯೇ ಮೂಡಿದಂತೆ ತೋರುತ್ತದೆ. ನಮ್ಮ ಹೆಣ್ಣುಮಕ್ಕಳು ಹೊಲಿಗೆಗೆ ನೆಯ್ಗೆಯ ಹೆಸರಿಟ್ಟರು. ಗ್ರೀಕರ ಅನುವಾದಕರು ನೆಯ್ಗೆಗೆ ಹೊಲಿಗೆಯ ಹೆಸರಿಟ್ಟರು. ಮೊದಲನೆಯದು ಕೌಶಲದಿಂದ ಹುಟ್ಟಿದ ಹೆಸರು. ಎರಡನೆಯದು, ಮನೆಯ ಹೆಂಗಸರ ಕೈಗೆಲಸವೆಂದರೆ ಕಸೂತಿಯೇ ಎಂದು ನಂಬಿದ್ದ ಒಂದು ಕಾಲದ ಊಹೆಯಿಂದ ಹುಟ್ಟಿದ್ದು.

ಈಗ ಮಗ್ಗದತ್ತ ನೋಡಬಹುದು. ಗ್ರೀಕರ ಮಗ್ಗ ನಮ್ಮ ಕುಣಿಮಗ್ಗದಂತೆ ಅಡ್ಡಲಾಗಿ ಚಾಚಿದ್ದಲ್ಲ, ಗೋಡೆಗೆ ಒರಗಿಸಿ ನಿಲ್ಲಿಸಿದ್ದು. ಮೇಲಿನ ಅಡ್ಡಮರದಿಂದ ಹಾಸಿನ ಎಳೆಗಳು ಕೆಳಗಿಳಿಯುತ್ತಿದ್ದವು. ಅವುಗಳ ತುದಿಗೆ ಸುಟ್ಟ ಮಣ್ಣಿನ ಗುಂಡುಗಳನ್ನು ಭಾರವಾಗಿ ಕಟ್ಟುತ್ತಿದ್ದರು. ನೆಯ್ಗೆ ಮೇಲಿನಿಂದ ಕೆಳಕ್ಕೆ ಸಾಗುತ್ತಿತ್ತು, ಹೊಕ್ಕನ್ನು ಮೇಲ್ಮುಖವಾಗಿ ಬಡಿದು ಕೂಡಿಸಬೇಕಾಗಿತ್ತು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲಿರುವ, ಅಮಾಸಿಸ್ ಚಿತ್ರಕಾರನದೆಂದು ಗುರುತಿಸಲಾದ ಕ್ರಿ.ಪೂ. ಆರನೆಯ ಶತಮಾನದ ಎಣ್ಣೆಪಾತ್ರೆಯ ಮೇಲೆ ಈ ಇಡೀ ಕೆಲಸವನ್ನು ನೋಡಬಹುದು. ಉಣ್ಣೆ ತೂಗುವವರು, ನೂಲುವವರು, ಮಗ್ಗದ ಮುಂದೆ ನಿಂತ ಇಬ್ಬರು, ಸಿದ್ಧವಾದ ಬಟ್ಟೆ ಮಡಚುವವರು, ಎಲ್ಲರೂ ಅಲ್ಲಿದ್ದಾರೆ. ಅದೇ ಪಾತ್ರೆಯ ಭುಜದ ಭಾಗದಲ್ಲಿ ಕುಳಿತ ಹೆಣ್ಣೊಬ್ಬಳಿದ್ದಾಳೆ. ಆಕೆ ದೇವಿಯಿರಬೇಕೆಂದು ಹಲವರ ಅಭಿಪ್ರಾಯ. ಆಕೆಯ ಎರಡು ಬದಿಗಳಲ್ಲಿ ಕೈಕೈ ಹಿಡಿದು ನರ್ತಿಸುವ ಕನ್ಯೆಯರಿದ್ದಾರೆ. ಕೆಳಗೆ ನೆಯ್ಗೆ, ಮೇಲೆ ನೃತ್ಯ, ನಡುವೆ ದೇವಿ: ಚಿತ್ರಕಾರನು ಇವನ್ನು ಒಂದೇ ಪಾತ್ರೆಯಲ್ಲಿ ಸೇರಿಸಿದ್ದು ಆಕಸ್ಮಿಕವೆನ್ನಲು ಮನಸ್ಸು ಒಪ್ಪುವುದಿಲ್ಲ.

ಬಿಗಿಯಾಗಿ ಎಳೆದ ಹಾಸಿನ ಮೇಲೆ 'ಕೆರ್ಕಿಸ್' ಎಂಬ ಕಡ್ಡಿಯನ್ನು ಎಳೆಯುತ್ತಿದ್ದರು. ಹಿಂದೆ ಇದನ್ನು ಲಾಳಿ ಎಂದು ಅರ್ಥೈಸಲಾಗುತ್ತಿತ್ತು. ಆದರೆ ಗ್ರೇಸ್ ಕ್ರೌಫುಟ್ ಅವರು 1930ರ ದಶಕದಲ್ಲಿ, ಭಾರದ ಮಗ್ಗಗಳನ್ನು ಕುರಿತ ತಮ್ಮ ಅಧ್ಯಯನದಲ್ಲಿ, ಅದು ಹಾಸಿನ ಎಳೆಗಳನ್ನು ಸವರಿ ಬಿಡಿಸುವ, ಹೊಕ್ಕನ್ನು ಕೂಡಿಸುವ ಮೊನಚಾದ ಕಡ್ಡಿಯೆಂದು ತೋರಿಸಿದರು. ಬಿಗಿದ ಎಳೆಗಳ ಮೇಲೆ ಕಡ್ಡಿ ಹಾಯ್ದಾಗ ದನಿ ಏಳುತ್ತದೆ. ಲೈರ್ ಅಥವಾ ಕಿಥಾರದ ತಂತಿಗಳ ಮೇಲೆ 'ಪ್ಲೆಕ್ಟ್ರಾನ್' ಎಂಬ ಮೀಟುಗಡ್ಡಿ ಹಾಯ್ದಾಗ ಏಳುವ ದನಿಗೂ ಇದಕ್ಕೂ ಕಾರಣ ಒಂದೇ. ಭಾಷೆ ಇದನ್ನು ಮರೆತಿಲ್ಲ. 'ಕ್ರೆಕೊ' ಎಂಬ ಗ್ರೀಕ್ ಕ್ರಿಯಾಪದಕ್ಕೆ ನೆಯ್ಗೆಯನ್ನು ಬಡಿ ಎಂಬ ಅರ್ಥವೂ ತಂತಿವಾದ್ಯವನ್ನು ಮೀಟು ಎಂಬ ಅರ್ಥವೂ ಇದೆ. 'ಮಿಟೊಸ್' ಎಂದರೆ ಮಗ್ಗದ ಎಳೆ, ಲೈರಿನ ತಂತಿಯೂ ಹೌದು. 'ಪೊಯಿಕಿಲಿಯ' ಎಂಬ ವೈಚಿತ್ರ್ಯವಾಚಕವು ಬಟ್ಟೆಗೂ ಸಲ್ಲುತ್ತದೆ, ಸಂಗೀತಕ್ಕೂ ಸಲ್ಲುತ್ತದೆ. ಎಳೆಯರಿಗೆ ಸಂಗೀತ ಕಲಿಸುವಾಗ ಲೈರಿನಲ್ಲಿ ಈ ವೈಚಿತ್ರ್ಯ ಬೇಡವೆಂದು ಪ್ಲೇಟೊ 'ಶಾಸನಗಳು' ಗ್ರಂಥದಲ್ಲಿ ವಿಧಿಸುತ್ತಾನೆ. ಸಂಸ್ಕೃತ ಬಲ್ಲ ಓದುಗರಿಗೆ ಇಲ್ಲಿ ತಂತು, ತಂತ್ರ, ತಂತ್ರೀ ಎಂಬ ಮೂರು ಪದಗಳು ನೆನಪಾಗದಿರವು. ತಂತು ಎಳೆ, ತಂತ್ರ ಮೂಲತಃ ಮಗ್ಗ ಅಥವಾ ಹಾಸು, ತಂತ್ರೀ ವೀಣೆಯ ತಂತಿ. ಕನ್ನಡದ 'ತಂತಿವಾದ್ಯ' ಎಂಬ ಮಾತಿನಲ್ಲಿ ಮಗ್ಗದ ಎಳೆ ಇಂದಿಗೂ ಅಡಗಿ ಕುಳಿತಿದೆ. ಒಂದು ಭಾಷೆಯಿಂದ ಇನ್ನೊಂದು ಕಲಿತಿತೆಂದು ಹೇಳುವ ಅಗತ್ಯವಿಲ್ಲ. ಎಳೆಯನ್ನು ಬಿಗಿದು ಕಟ್ಟಿದವರಿಗೆಲ್ಲ ಅದು ನುಡಿಯುವುದು ಕೇಳಿಸಿರಲೇಬೇಕು. ಗ್ರೀಸಿನಲ್ಲಿ ವಸ್ತುವೂ ಒಂದೇ ಮೂಲದ್ದು: ಪೆಪ್ಲೋಸಿನ ಉಣ್ಣೆ ಕುರಿಯದು, ಲೈರಿನ ತಂತಿ ಅದೇ ಕುರಿಯ ಕರುಳಿನದು.

ಕವಿಗಳು ಈ ಸಾಮ್ಯವನ್ನು ಅರಿತೇ ಬಳಸಿದ್ದಾರೆ. ಅಕ್ರಗಾಸಿನ ಮಿಡಾಸ್ ಎಂಬ ವಾದಕನ ಜಯವನ್ನು ಕುರಿತ ಪಿಂಡಾರನ ಹನ್ನೆರಡನೆಯ ಪೈಥಿಯನ್ ಗೀತೆಯಲ್ಲಿ, ಗಾರ್ಗನ್ನರ ರೋದನವನ್ನು ಕೇಳಿದ ಅಥೀನಾ ಅದನ್ನು ಔಲೋಸ್ ಎಂಬ ಜೋಡಿ ಕೊಳವೆಯ ಸಂಗೀತವಾಗಿ ರೂಪಿಸುತ್ತಾಳೆ. ಅಲ್ಲಿ ಕವಿ ಬಳಸುವ ಕ್ರಿಯಾಪದ ಹೆಣೆಯುವುದಕ್ಕೆ ಸಂಬಂಧಿಸಿದ್ದು. ನೆಯ್ಗೆಯ ದೇವಿ ವಾದ್ಯವನ್ನೂ ಹೆಣೆದೇ ಸೃಷ್ಟಿಸುತ್ತಾಳೆ. ಇನ್ನೊಂದು ಐತಿಹ್ಯದ ಪ್ರಕಾರ, ಊದುವಾಗ ಕೆನ್ನೆ ಉಬ್ಬಿ ಮುಖ ವಿಕಾರವಾದುದನ್ನು ಕಂಡು ಆಕೆ ಔಲೋಸನ್ನು ಎಸೆದುಬಿಟ್ಟಳು, ಮಾರ್ಸಿಯಾಸ್ ಅದನ್ನು ಎತ್ತಿಕೊಂಡನು. ಆ ಪ್ರಸಂಗದ ಶಿಲ್ಪವನ್ನು ಪಾಸನಿಯಾಸ್ ಅಕ್ರೊಪೊಲಿಸಿನ ಮೇಲೆ ಕಂಡಿದ್ದನು. ಇನ್ನು ಮಹಾಕಾವ್ಯಗಳನ್ನು ಹಾಡುತ್ತಿದ್ದ 'ರಾಪ್ಸೋಡ'ನ ಹೆಸರಿನ ಅರ್ಥ ಹಾಡುಗಳನ್ನು ಹೊಲಿಯುವವನು ಎಂದು. ಸೂಜಿಗೆ ಗ್ರೀಕ್ ಕಾವ್ಯದಲ್ಲಿ ದೊರೆತ ದೊಡ್ಡ ಗೌರವ ಇದೇ ಇರಬೇಕು.

ದೇವಿ, ಮಗ್ಗ, ಹಾಡು ಮೂರೂ ಒಟ್ಟಿಗೆ ಬರುವ ಅತ್ಯಂತ ಮನಕಲಕುವ ಸಂದರ್ಭ ಯೂರಿಪಿಡಿಸನ 'ಟಾರಿಯನ್ನರ ನಾಡಿನಲ್ಲಿ ಇಫಿಜೀನಿಯ' ನಾಟಕದ್ದು. ದೂರದ ಅನಾಗರಿಕ ತೀರದಲ್ಲಿ ಆರ್ಟೆಮಿಸಳ ಅರ್ಚಕಿಯಾಗಿ ಸೆರೆಯಲ್ಲಿರುವ ಇಫಿಜೀನಿಯ ತಾನು ಕಳೆದುಕೊಂಡುದನ್ನು ಎಣಿಸುತ್ತಾಳೆ. ಮದುವೆಯಿಲ್ಲ, ಮಕ್ಕಳಿಲ್ಲ, ನಾಡಿಲ್ಲ. ಆರ್ಗೋಸಿನಲ್ಲಿ ಹೇರಾದೇವಿಗೆ ಹಾಡುವುದಿಲ್ಲ, ಇಂಪಾಗಿ ದನಿಗೈಯುವ ಮಗ್ಗದ ಮೇಲೆ ಅಥೀನಾಳ ಮತ್ತು ಟೈಟನ್ನರ ಚಿತ್ರವನ್ನು ಮೂಡಿಸುವುದೂ ಇಲ್ಲ. ಇಲ್ಲಿಯೂ ಕ್ರಿಯಾಪದ 'ಪೊಯಿಕಿಲ್ಲೈನ್'. ಆದರೆ ಸಾಧನ ಯಾವುದೆಂದು ಕವಿ ಹೆಸರಿಸಿದ್ದಾನೆ, ಅದು ಕೆರ್ಕಿಸ್. ಸೂಜಿಯಲ್ಲ. ಒಂದು ವೇಳೆ ಇದನ್ನು ಕಸೂತಿಯೆಂದು ಅನುವಾದಿಸಿದರೆ ಮಗ್ಗದ ದನಿಯೇ ಅಡಗಿಹೋಗುತ್ತದೆ, ಹಾಡು ಮತ್ತು ನೆಯ್ಗೆಗಳನ್ನು ಕವಿ ಒಟ್ಟಿಗೆ ಇಟ್ಟ ಕಾರಣವೂ ಕಳೆದುಹೋಗುತ್ತದೆ. ಈ ನಾಟಕದ ಕಥೆಗೂ ಕನ್ನಡದ ವಿದ್ವತ್ ವಲಯಕ್ಕೂ ಒಂದು ವಿಚಿತ್ರ ನಂಟಿದೆ. 1903ರಲ್ಲಿ ಪ್ರಕಟವಾದ ಆಕ್ಸಿರಿಂಕಸ್ ಪಪೈರಸ್ 413ರಲ್ಲಿರುವ 'ಖಾರಿಷನ್' ಪ್ರಹಸನ ಇದೇ ಕಥೆಯ ಅಣಕ. ಭಾರತದ ತೀರದಲ್ಲಿ, ಚಂದ್ರದೇವಿಯ ಗುಡಿಯಲ್ಲಿ ಸಿಕ್ಕಿಬಿದ್ದ ಗ್ರೀಕ್ ಕನ್ಯೆಯ ಕಥೆ ಅದು. ಅದರಲ್ಲಿನ ಅನ್ಯಭಾಷೆಯ ಮಾತುಗಳು ಕನ್ನಡವೆಂದು 1904ರಲ್ಲಿ ಹುಲ್ಟ್ಸ್ ಸೂಚಿಸಿದ ಮೇಲೆ ಆರ್. ಶಾಮಶಾಸ್ತ್ರಿ, ಗೋವಿಂದ ಪೈ ಮೊದಲಾದವರು ಆ ಚರ್ಚೆಯನ್ನು ಬೆಳೆಸಿದರು. ಆ ವಿವಾದ ಇಂದಿಗೂ ಇತ್ಯರ್ಥವಾಗಿಲ್ಲ. ನಮ್ಮ ಪ್ರಕೃತ ವಿಷಯಕ್ಕೆ ಮುಖ್ಯವಾದುದು ಬೇರೆ: ಆ ಹಸ್ತಪ್ರತಿಯಲ್ಲಿ ತಾಳವಾದ್ಯ ಬಡಿಯಬೇಕಾದ ಸ್ಥಳಗಳ ಗುರುತುಗಳಿವೆ, ಮತ್ತು ಪಾರಾಗುವ ಮುನ್ನ ದೇವಿಯ ಹರಕೆಯ ವಸ್ತುಗಳನ್ನು ಕದಿಯೋಣವೆಂಬ ಸಲಹೆಯನ್ನು ನಾಯಕಿ ತಿರಸ್ಕರಿಸುತ್ತಾಳೆ.

ಹರಕೆಯ ವಸ್ತುಗಳೆಂದರೆ ಏನು ಎಂಬುದಕ್ಕೆ ಯೂರಿಪಿಡಿಸನ ನಾಟಕದ ಕೊನೆಯಲ್ಲಿಯೇ ಉತ್ತರವಿದೆ. ಅಥೀನಾ ಪ್ರತ್ಯಕ್ಷಳಾಗಿ, ಇಫಿಜೀನಿಯ ಮುಂದೆ ಬ್ರೌರಾನಿನಲ್ಲಿ ಆರ್ಟೆಮಿಸಳ ಗುಡಿಯ ಬೀಗದ ಕೈ ಹಿಡಿಯುವಳೆಂದೂ, ಹೆರಿಗೆಯಲ್ಲಿ ಪ್ರಾಣ ಬಿಟ್ಟ ಹೆಂಗಸರು ಮನೆಯಲ್ಲಿ ಬಿಟ್ಟುಹೋದ ಸೊಗಸಾದ ನೆಯ್ಗೆಗಳು ಆಕೆಗೆ ಅರ್ಪಿತವಾಗುವುವೆಂದೂ ಹೇಳುತ್ತಾಳೆ. ಬ್ರೌರಾನ್ ಅಟಿಕಾದ ಪೂರ್ವ ಕರಾವಳಿಯಲ್ಲಿದೆ. 1948ರಿಂದ ಯೊವಾನಿಸ್ ಪಾಪಡಿಮಿಟ್ರಿಯು ಅಲ್ಲಿ ಉತ್ಖನನ ನಡೆಸಿದರು. ಆ ಗುಡಿಗೆ ಬಂದ ಬಟ್ಟೆಗಳ ಪಟ್ಟಿಗಳು ಕ್ರಿ.ಪೂ. ನಾಲ್ಕನೆಯ ಶತಮಾನದ ನಡುಭಾಗದ ಶಿಲಾಶಾಸನಗಳಲ್ಲಿ ಉಳಿದಿವೆ. ಅವುಗಳ ಪ್ರತಿಗಳು ಅಥೆನ್ಸಿನ ಅಕ್ರೊಪೊಲಿಸಿನಲ್ಲಿ ದೊರೆತಿವೆ. ಗ್ರೀಕ್ ಸ್ತ್ರೀಯರ ಕೈಕೆಲಸವನ್ನು ಕುರಿತು ಇದಕ್ಕಿಂತ ನಿಕಟವಾದ ದಾಖಲೆ ಮತ್ತೊಂದಿಲ್ಲವೆಂದೇ ಈ ಲೇಖಕನ ಎಣಿಕೆ. ಕೊಟ್ಟವಳ ಹೆಸರು, ಬಟ್ಟೆಯ ಬಗೆ, ಬಣ್ಣ, ಅಂಚು ಎಲ್ಲವನ್ನೂ ಒಂದೊಂದಾಗಿ ಬರೆಯಲಾಗಿದೆ. ಕೇಸರಿ ಬಣ್ಣದ ಉಡುಗೆ, ಚಿತ್ರಿತ ಅಂಗಿ, ಹರಿದು ಚಿಂದಿಯಾದುದು, ಪೆಟ್ಟಿಗೆಯಲ್ಲಿಟ್ಟುದು, ದೇವಿಯ ವಿಗ್ರಹಕ್ಕೆ ಉಡಿಸಿದುದು ಎಂಬಂಥ ನಮೂದುಗಳಿವೆ. ಕೆಲವು ಬಟ್ಟೆಗಳಲ್ಲಿ ಅಕ್ಷರಗಳನ್ನು ನೆಯ್ದು ಸೇರಿಸಲಾಗಿತ್ತು. ಅರ್ಧ ನೆಯ್ದ ಬಟ್ಟೆಗಳೂ ಪಟ್ಟಿಯಲ್ಲಿವೆ. ಅವೆಲ್ಲವೂ ನಾಟಕ ಹೇಳುವಂತೆ ಹೆರಿಗೆಯಲ್ಲಿ ಸತ್ತವರವೇ ಎಂದು ಶಾಸನ ಹೇಳುವುದಿಲ್ಲ, ನಾವೂ ಹೇಳಬಾರದು. ಬದುಕುಳಿದ ತಾಯಂದಿರು ಹರಕೆ ತೀರಿಸಿದ ಬಟ್ಟೆಗಳೂ ಅಲ್ಲಿರಲೇಬೇಕು. ಆದರೂ ಮಗ್ಗದಿಂದ ಅರ್ಧಕ್ಕೇ ಇಳಿದ ಒಂದು ಬಟ್ಟೆಯನ್ನು ಗುಡಿಯ ಲೆಕ್ಕಿಗನು ಹಾಗೆಯೇ ನಮೂದಿಸಿಟ್ಟನೆಂಬ ಸಂಗತಿ ಓದುವವರನ್ನು ತಡೆದು ನಿಲ್ಲಿಸುತ್ತದೆ. ಇದೇ ಬ್ರೌರಾನಿನಲ್ಲಿ ಮೂಳೆಯಿಂದ ಮಾಡಿದ ಪ್ರಾಚೀನ ಔಲೋಸ್ ಕೂಡ ದೊರೆತಿದ್ದು, ಜೆ.ಜಿ. ಲ್ಯಾಂಡೆಲ್ಸ್ ಅದರ ಅಧ್ಯಯನವನ್ನು 1963ರಲ್ಲಿ ಪ್ರಕಟಿಸಿದರು. ಬಟ್ಟೆಗಳು ಕೊಳೆತು ಹೋದವು, ಅವುಗಳ ಪಟ್ಟಿ ಉಳಿಯಿತು. ವಾದ್ಯ ಉಳಿಯಿತು, ಅದು ನುಡಿಸಿದ ರಾಗ ಹೋಯಿತು.

ಅಥೆನ್ಸಿನ ಪೆಪ್ಲೋಸಿಗೆ ಮರಳಿದರೆ, ಮೆರವಣಿಗೆಯಲ್ಲಿ ವಾದಕರಿಗೆ ಏಕೆ ಸ್ಥಾನವಿತ್ತೆಂಬುದು ಈಗ ಹೆಚ್ಚು ಅರ್ಥವಾಗುತ್ತದೆ. ಪಾರ್ಥೆನಾನ್ ದೇವಾಲಯದ ಸುಮಾರು 160 ಮೀಟರ್ ಉದ್ದದ ಶಿಲ್ಪಪಟ್ಟಿಯಲ್ಲಿ, ಪೂರ್ವದಿಕ್ಕಿನ ನಡುವೆ ಬಟ್ಟೆಯನ್ನು ಮಡಚುವ ದೃಶ್ಯವಿದೆ. ಅದು ಪೆಪ್ಲೋಸಿನ ಅರ್ಪಣೆಯೆಂಬುದು ಬಹುಮತ. ಉತ್ತರದಿಕ್ಕಿನ ಸಾಲಿನಲ್ಲಿ ನಾಲ್ವರು ಔಲೋಸ್ ವಾದಕರೂ ನಾಲ್ವರು ಕಿಥಾರ ವಾದಕರೂ ನಡೆಯುತ್ತಾರೆ. 1687ರ ಸ್ಫೋಟದಲ್ಲಿ ಹಾಳಾದ ಆ ಭಾಗ 1674ರಲ್ಲಿ ಬರೆದುಕೊಂಡ ರೇಖಾಚಿತ್ರಗಳಿಂದ ನಮಗೆ ಹೆಚ್ಚು ತಿಳಿಯುತ್ತದೆ. ಹಬ್ಬದ ಸಂಗೀತ ಸ್ಪರ್ಧೆಗಳ ಬಹುಮಾನಗಳನ್ನು ನಮೂದಿಸುವ ನಾಲ್ಕನೆಯ ಶತಮಾನದ ಶಾಸನದ ಪ್ರಕಾರ, ಕಿಥಾರ ನುಡಿಸುತ್ತ ಹಾಡುವವರಲ್ಲಿ ಮೊದಲಿಗನಿಗೆ 1,000 ಡ್ರಾಕ್ಮಾ ಬೆಲೆಯ ಚಿನ್ನದ ಆಲಿವ್ ಕಿರೀಟವೂ 500 ಬೆಳ್ಳಿ ಡ್ರಾಕ್ಮಾಗಳೂ ಸಲ್ಲುತ್ತಿದ್ದವು. ನೆಯ್ದ ಕನ್ಯೆಯರಿಗೆ ಸಂದುದೇನು? 'ಎರ್ಗಸ್ಟಿನೈ' ಎಂಬ ಆ ಹುಡುಗಿಯರನ್ನು ಗೌರವಿಸುವ ನಿರ್ಣಯಗಳು ಕ್ರಿ.ಪೂ. ಎರಡನೆಯ ಶತಮಾನದ ಕೊನೆಯ ಹೊತ್ತಿನಿಂದ ದೊರೆಯುತ್ತವೆ. ಅವರು ದೇವಿಯ ಪೆಪ್ಲೋಸಿಗಾಗಿ ಉಣ್ಣೆಯ ಕೆಲಸ ಮಾಡಿದುದನ್ನು ಹೊಗಳಿ, ಹೆಸರುಗಳನ್ನು ಸಾಲಾಗಿ ಕೆತ್ತಲಾಗಿದೆ. ತಡವಾಗಿಯಾದರೂ ಕೆತ್ತಲಾಗಿದೆ.

ಒಂದು ತೊಡಕನ್ನು ಮರೆಮಾಚುವಂತಿಲ್ಲ. ಹಡಗಿನಾಕಾರದ ಬಂಡಿಯ ಮೇಲೆ ಹಾಯಿಯಂತೆ ಕಟ್ಟಿ ಒಯ್ಯುತ್ತಿದ್ದ ಬೃಹತ್ ಪೆಪ್ಲೋಸ್ ಬೇರೆ, ವಿಗ್ರಹಕ್ಕೆ ಉಡಿಸುತ್ತಿದ್ದ ಚಿಕ್ಕದು ಬೇರೆ ಎಂದು ಹಲವು ವಿದ್ವಾಂಸರು ತಿಳಿಯುತ್ತಾರೆ. ದೊಡ್ಡದು ಹುಡುಗಿಯರ ಕೈಯಳತೆಯದಲ್ಲ. ಸೈಪ್ರಸಿನ ಸಲಾಮಿಸಿನ ಅಕೆಸಾಸ್ ಮತ್ತು ಅವನ ಮಗ ಹೆಲಿಕಾನ್ ಎಂಬ ವೃತ್ತಿನಿರತ ನೇಕಾರರ ಹೆಸರನ್ನು ಅಥಿನಿಯಸ್ ಉಳಿಸಿದ್ದಾನೆ. ಬಟ್ಟೆ ದೊಡ್ಡದಾದಂತೆ ಅದರಲ್ಲಿ ರಾಜಕೀಯವೂ ಸೇರಿತು. ಪ್ಲುಟಾರ್ಕನ ಪ್ರಕಾರ, ಕ್ರಿ.ಪೂ. ನಾಲ್ಕನೆಯ ಶತಮಾನದ ಕೊನೆಯಲ್ಲಿ ಅರಸರಾದ ಆಂಟಿಗೊನಸ್ ಮತ್ತು ಡಿಮಿಟ್ರಿಯಸರ ಚಿತ್ರಗಳನ್ನು ದೇವತೆಗಳ ಜೊತೆಗೆ ಪೆಪ್ಲೋಸಿನಲ್ಲಿ ನೆಯ್ಯಬೇಕೆಂದು ನಗರ ನಿರ್ಣಯಿಸಿತು. ಮೆರವಣಿಗೆಯ ನಡುವೆ ಬೀಸಿದ ಬಿರುಗಾಳಿ ಅದನ್ನು ಹರಿದುಹಾಕಿತು. ಹಾಸ್ಯಕವಿ ಫಿಲಿಪಿಡಿಸನು ಮನುಷ್ಯರಿಗೆ ದೇವತೆಗಳ ಮರ್ಯಾದೆ ಕೊಟ್ಟುದರ ಫಲವಿದೆಂದು ಕುಟುಕಿದನು.

ಗ್ರೀಕ್ ದೇವತೆಗಳನ್ನೂ ವಾದ್ಯಗಳನ್ನೂ ನಿಜವಾಗಿ ಸೂಜಿಯಿಂದ ಚಿತ್ರಿಸಿದ ಕೃತಿಗಳು ಬಹುಮಟ್ಟಿಗೆ ತೀರ ಈಚಿನವು. ಆರನೆಯ ಶತಮಾನದ ಈಜಿಪ್ಟಿನ ಹೆಸ್ಟಿಯಾದೇವಿಯ ಪ್ರಸಿದ್ಧ ವಸ್ತ್ರ, ಈಗ ವಾಷಿಂಗ್ಟನ್ನಿನ ಡಂಬಾರ್ಟನ್ ಓಕ್ಸ್ ಸಂಗ್ರಹದಲ್ಲಿರುವುದು, ಅದೂ ನೆಯ್ದದ್ದೇ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ 1872ರಲ್ಲಿ ಸ್ಥಾಪಿತವಾದ ರಾಜಾಶ್ರಯದ ಕಸೂತಿಶಾಲೆ ಬರ್ನ್-ಜೋನ್ಸ್, ವಾಲ್ಟರ್ ಕ್ರೇನ್ ಮೊದಲಾದ ಚಿತ್ರಕಾರರ ರೇಖೆಗಳನ್ನು ಬಟ್ಟೆಗೆ ತಂದಿತು. ಸಂಗೀತವನ್ನು ಸ್ತ್ರೀರೂಪದಲ್ಲಿ ಕಲ್ಪಿಸಿದ ಬರ್ನ್-ಜೋನ್ಸನ 'ಮ್ಯೂಸಿಕಾ' ಅವುಗಳಲ್ಲೊಂದು. ಅಲ್ಲಿ ಚಿತ್ರಕಾರನ ಹೆಸರು ಉಳಿಯಿತು, ಹೊಲಿದವರ ಹೆಸರುಗಳು ಹೆಚ್ಚಾಗಿ ಉಳಿಯಲಿಲ್ಲ.

ಇದಕ್ಕೆ ಅಪವಾದ ಫೀಬಿ ಟ್ರಾಕೇರ್. ಐರ್ಲೆಂಡಿನಲ್ಲಿ ಹುಟ್ಟಿ ಎಡಿನ್‌ಬರೊದಲ್ಲಿ ಬಾಳಿದ ಈಕೆ (1852-1936) 'ಆತ್ಮದ ಮುನ್ನಡೆ' ಎಂಬ ಅರ್ಥದ ಹೆಸರಿನ ನಾಲ್ಕು ಕಸೂತಿ ಫಲಕಗಳನ್ನು ತಾನೇ ರೂಪಿಸಿ, ರೇಷ್ಮೆ ಮತ್ತು ಚಿನ್ನದ ಎಳೆಗಳಲ್ಲಿ ತಾನೇ ಹೊಲಿದಳು. ಕೆಲಸ 1902ರಲ್ಲಿ ಮುಗಿಯಿತು. ಅವು ಈಗ ಸ್ಕಾಟ್ಲೆಂಡಿನ ರಾಷ್ಟ್ರೀಯ ಕಲಾಸಂಗ್ರಹದಲ್ಲಿವೆ. ವಾಲ್ಟರ್ ಪೇಟರನ ಕಥೆಯೊಂದರಲ್ಲಿ ಮರುಹುಟ್ಟು ಪಡೆದ ಡಯೊನೈಸಸನಂತಿರುವ ಯುವಕ ಇಲ್ಲಿನ ನಾಯಕ, ದೇವಿಯಲ್ಲ. ಆದರೆ ಕಥೆ ಹೇಳುವುದು ಅವನ ಕೈಯ ತಂತಿವಾದ್ಯ: ಮೊದಲ ಫಲಕದಲ್ಲಿ ಅದು ಹೂಬಳ್ಳಿಗಳ ನಡುವೆ ನುಡಿಯುತ್ತದೆ, ಮುಂದೆ ಹತಾಶೆಯ ಫಲಕದಲ್ಲಿ ಅದರ ತಂತಿಗಳು ಹರಿದಿವೆ. ಹರಿದ ತಂತಿಯನ್ನು ತೋರಿಸಲು ಬಟ್ಟೆಯ ಮೇಲೆ ಹೊಲಿಯಬೇಕಾದುದು ಒಂದು ಎಳೆಯನ್ನೇ. ಚಿತ್ರಿಸುವ ವಸ್ತು ಮತ್ತು ಚಿತ್ರಿತವಾದ ವಸ್ತು ಇಷ್ಟು ಸಮೀಪ ಬರುವುದು ಬಣ್ಣದ ಚಿತ್ರದಲ್ಲಿ ಸಾಧ್ಯವಿಲ್ಲ.

ನ್ಯೂಯಾರ್ಕಿನ ಈವಾ ಪಾಮರ್-ಸಿಕೆಲಿಯಾನೋಸ್ (1874-1952) ಹಿಡಿದುದು ಬೇರೆ ದಾರಿ. ಗ್ರೀಕ್ ಶಿಲ್ಪಗಳ ಉಡುಗೆಯ ಮಡಿಕೆಗಳು ಕಾರ್ಖಾನೆಯ ಬಟ್ಟೆಯಲ್ಲಿ ಬೀಳುವುದಿಲ್ಲವೆಂದು ಕಂಡುಕೊಂಡು ಆಕೆ ಮಗ್ಗಕ್ಕೆ ಕುಳಿತಳು. ಪತಿ, ಕವಿ ಏಂಜೆಲೋಸ್ ಸಿಕೆಲಿಯಾನೋಸನೊಂದಿಗೆ 1927ರ ಮೇ ತಿಂಗಳಲ್ಲಿ ಡೆಲ್ಫಿಯಲ್ಲಿ 'ಬಂಧಿತ ಪ್ರೊಮೀಥಿಯಸ್' ನಾಟಕವನ್ನು ಆಡಿಸಿದಾಗ ಉಡುಗೆಗಳ ನೆಯ್ಗೆ ಆಕೆಯದು. ಜೊತೆಗೆ ಆಕೆ ಕಾನ್‌ಸ್ಟಾಂಟಿನೋಸ್ ಪ್ಸಾಖೋಸನಲ್ಲಿ ಬೈಜಾಂಟಿಯನ್ ಸಂಗೀತವನ್ನು ಕಲಿತಿದ್ದಳು. ಪಾಶ್ಚಾತ್ಯ ಪಿಯಾನೊದಲ್ಲಿ ಹಿಡಿಯಲಾಗದ ಆ ಸ್ವರಾಂತರಗಳನ್ನು ನುಡಿಸಬಲ್ಲ ಆರ್ಗನ್ ವಾದ್ಯವೊಂದನ್ನು ಆತನಿಗಾಗಿ ಜರ್ಮನಿಯಲ್ಲಿ ಮಾಡಿಸಿದ್ದಳು. 1930ರಲ್ಲಿ ಉತ್ಸವ ಮತ್ತೊಮ್ಮೆ ನಡೆಯಿತು, ಸಾಲದ ಹೊರೆಯಿಂದ ಮುಂದೆ ನಿಂತಿತು. ಡೆಲ್ಫಿಯಲ್ಲಿ ದಂಪತಿಗಳ ಮನೆ ಈಗ ಆ ಉತ್ಸವಗಳ ಸಂಗ್ರಹಾಲಯವಾಗಿದೆ. ಅಲ್ಲಿ ಆಕೆ ನೆಯ್ದ ಉಡುಗೆಗಳೂ, ನೆಯ್ದ ಮಗ್ಗವೂ ಇವೆ.